ಕೆಳಗ ದಾರ ಗುಂಜು ಕಟ್ತೈತಿ, ನಡುನಡುವ ಹೊಲಿಗಿ ಬಿಡ್ತೈತಿ, ಶಟಲ್ ಬದಲಿಸ್ಬೇಕೇನ್ರಿ?

ಕೇಳಿದವರು, ಕೊಪ್ಪಳ ತಾಲೂಕು:

ನಮಸ್ಕಾರ್ರಿ ಎಲ್ಲಾರಿಗೂ. ಮನಿಯಾಗ ಹೊಲಿಯೋರು, ಟೇಲರಿಂಗ್ ಮಾಡೋರು ಯಾರಾದ್ರೂ ಇದ್ರ ಸ್ವಲ್ಪ ದಾರಿ ತೋರಸ್ರಿ. ಗೃಹಲಕ್ಷ್ಮಿ ರೊಕ್ಕ ಕೂಡಿಟ್ಟು ಒಂದು ಹಳೇ ಕರಿ ಮಷಿನ್ ತಗೊಂಡೀನ್ರಿ, ಮೊದಲು ಕಾಲಿಲೆ ತುಳಿಯೋದಿತ್ತು, ಮಾರಿದೋರು ಮೋಟ್ರು ಕೂಡಿಸಿ ಕೊಟ್ಟಾರ. ಮೊದಮೊದಲು ಚೊಲೋನ ಹೊಲೀತಿತ್ತು. ಈಗ ಏನಾಗೇತಿ ಅಂದ್ರ ಬಟ್ಟಿ ಮ್ಯಾಲಿನ ಮಗ್ಗಲು ನೋಡಿದ್ರ ಹೊಲಿಗಿ ಸಾಫ್ ಕಾಣ್ತೈತಿ, ತಿರುವಿ ನೋಡಿದ್ರ ಟರ್ಕಿ ಟಾವೆಲ್ ಥರ ಬರೇ ಕುಣಿಕಿ ಕುಣಿಕಿ, ಕೈಯಿಂದ ಎಳದ್ರ ಪೂರ್ತಿ ಬಿಚ್ಚಿ ಬರ್ತೈತಿ. ಮುಂದಿನ ಟೆನ್ಷನ್ ತಿರುಪು ಬಿಗಿ ಮಾಡೀನಿ, ಇನ್ನೂ ಮಾಡೀನಿ, ಈಗ ತಿರುಗಾಕ ಜಾಗಾನ ಇಲ್ಲ, ಆದ್ರೂ ಗುಂಜು ಹೋಗವಲ್ದು, ಒಮ್ಮೊಮ್ಮೆ ತಟ್ಟನ ದಾರ ಕಡದು ಬಿಡ್ತೈತಿ. ಕಾಟನ್ ಜಂಪರ್ ಪೀಸಿನ ಮ್ಯಾಲ ಇಷ್ಟು. ಕ್ರೇಪು, ಆ ಎಳದ್ರ ಹಿಗ್ಗೋ ಬಟ್ಟಿ ಇಟ್ರಂತೂ ನಾಕು ಹೊಲಿಗಿ ಬಿದ್ರ ಎರಡು ಬಿಡ್ತೈತಿ.

ರಿಪೇರಿ ಮಾಡೋರಿಗೆ ಫೋನಿನ್ಯಾಗ ಹೇಳಿದ್ರ ಮಷಿನ್ ನೋಡದನ ಶಟಲ್ (ಕೆಳಗ ಬಾಬಿನ್ ಸುತ್ತ ಆಡೋ, ದಾರ ಹಿಡಿಯೋ ಕೊಕ್ಕಿ ಇರೋ ಭಾಗ) ಹೋಗೇತಿ, ಹೊಸಾದು ಹಾಕ್ಬೇಕು ಅಂದ್ರು. ಪಂಚಮಿಗೆ ಅಂತ ಓಣಿ ಹೆಣ್ಮಕ್ಕಳು ಜಂಪರ್ ಕೊಟ್ಟಾರ, ಕೈಕಟ್ಟಿ ಕುಂತಂಗಾಗೇತಿ. ಖರೇನ ಶಟಲ್ ಹೋಗೇತೇನು, ನಾನ ಏನಾರ ಮಾಡಿ ನೋಡಬಹುದಾ?

ಗಂಗಾವತಿ, ಹೊಲಿಗಿ ಕ್ಲಾಸ್ ನಡೆಸೋರು:

ತಂಗಿ, ಮೊದಲು ಆ ತಿರುಪಿನ ಮ್ಯಾಲಿಂದ ಕೈ ತಗಿ. ಸಡಿಲ ಮಾಡಿ ನಡಕ್ಕ ತಂದು ಬಿಡು. ಕೆಳಗ ಗುಂಜು ಬಂತಂದ್ರ ತಪ್ಪು ಮ್ಯಾಲ ಇರ್ತೈತಿ, ಕ್ಲಾಸಿಗೆ ಬರೋ ಹುಡಿಗ್ಯಾರಿಗೆ ಇದನ್ನ ಎಷ್ಟು ಸಲ ಹೇಳಿದ್ರೂ ಅವರ ಕೈ ಬಾಬಿನ್, ಅಂದ್ರ ಕೆಳಗಿನ ದಾರ ಸುತ್ತೋ ಗಾಲಿ ಕಡೀಗೇ ಹೋಗ್ತೈತಿ, ಯಾಕಂದ್ರ ಗುಂಜು ಕಾಣೋದು ಕೆಳಗ ನೋಡು. ಮ್ಯಾಲಿನ ದಾರ, ಬಾಬಿನ್ ದಾರ ಎರಡೂ ಬಟ್ಟಿ ದಪ್ಪದ ನಡುವ ಒಂದಕ್ಕೊಂದು ಕೊಂಡಿ ಹಾಕ್ಕೋಬೇಕು. ಮ್ಯಾಲಿನ ದಾರಕ್ಕ ಬಿಗಿ ಇಲ್ಲಂದ್ರ ಬಾಬಿನ್ ದಾರ ಅದನ್ನ ಕೆಳಕ್ಕ ಎಳಕೊಂಡು ಹೋಗ್ತೈತಿ, ಕೆಳಗ ಕುಣಿಕಿ ಬೀಳ್ತಾವು. ಬಾಬಿನ್ ದಾರ ಚುಕ್ಕಿ ಚುಕ್ಕಿ ಆಗಿ ಮ್ಯಾಲ ಬಂದು ಕಂಡ್ರ ಅದು ಉಲ್ಟಾ ಲೆಕ್ಕ, ಆವಾಗ ಮ್ಯಾಲ ಬಿಗಿ ಜಾಸ್ತಿ ಆಗೇತಿ ಇಲ್ಲಾ ಬಾಬಿನ್ ಕೂಡ್ರೋ ಡಬ್ಬಿ, ಬಾಬಿನ್ ಕೇಸ್, ಸಡಿಲ ಐತಿ ಅಂತ ತಿಳೀಬೇಕು. ನಿನಗ ಗೊತ್ತಾಗಲಿಲ್ಲಂದ್ರ ಮ್ಯಾಲ ಕೆಂಪು ದಾರ ಹಾಕು, ಬಾಬಿನ್‌ಗೆ ಅದ ದಪ್ಪದ್ದು ಬಿಳಿ ದಾರ ಸುತ್ತು, ಬ್ಯಾರೆ ಬಣ್ಣದ ಚಿಂದಿ ಬಟ್ಟಿ ಎರಡು ಪದರ ಮಾಡಿ ಒಂದು ಗೇಣು ಹೊಲಿ, ಎರಡೂ ಮಗ್ಗಲು ನೋಡು, ಯಾವ ಬಣ್ಣ ಎಲ್ಲಿ ಇಣಕ್ತೈತಿ ಅನ್ನೋದರಾಗ ಎಲ್ಲಾ ಐತಿ.

ಈಗ ನಿನ್ನ ಮಷಿನ್. ತಿರುಪು ಪೂರ್ತಿ ಬಿಗಿ ಮಾಡಿದ್ರೂ ಗುಂಜು ಹೋಗಲಿಲ್ಲ ಅಂದ್ರ ತಿರುಪಿಗೂ ದಾರಕ್ಕೂ ಸಂಬಂಧನ ಇಲ್ಲದಂಗ ಆಗೇತಿ. ಆ ತಿರುಪಿನ ಹಿಂದ ಎರಡು ಬಿಲ್ಲಿ ಅದಾವಲ್ಲ, ದಾರ ಅವೆರಡರ ನಡುವ ಕೂಡ್ರಬೇಕು. ಬಟ್ಟಿ ಒತ್ತಿ ಹಿಡಿಯೋ ಪ್ರೆಸರ್ ಫೂಟ್ ಮ್ಯಾಲ ಎತ್ತಿದಾಗ ಬಿಲ್ಲಿ ಬಾಯಿ ತಗೀತಾವು, ಇಳಿಸಿದಾಗ ಕಚ್ಕೋತಾವು. ಭಾಳ ಮಂದಿ ಫೂಟ್ ಇಳಿಸೇ ದಾರ ಪೋಣಿಸ್ತಾರ, ದಾರ ಬಿಲ್ಲಿ ಅಂಚಿನ ಮ್ಯಾಲ ಜಾರಿಕೊಂಡು ಹೋಗ್ತೈತಿ, ಒಳಗ ಹೋಗಂಗಿಲ್ಲ. ಹಂಗಾಗಿ ಪೂರ್ತಿ ದಾರ ಬಿಚ್ಚು, ಫೂಟ್ ಎತ್ತು, ವೀಲ್ ತಿರುವಿ ಆ ಮ್ಯಾಲ ಕೆಳಗ ಆಡೋ ಲಿವರ್ ತುದಿಗೆ ತಂದು ನಿಲ್ಲಿಸು, ಆಮ್ಯಾಲ ಮೊದಲಿಂದ ಪೋಣಿಸು. ಲಿವರ್ ಕಣ್ಣಾಗ ದಾರ ಹಾಯ್ದೈತಿಲ್ಲೋ ನೋಡು, ಅದೊಂದು ತಪ್ಪಿದ್ರ ಮೊದಲ ಹೊಲಿಗಿಗೇ ಕೆಳಗ ಗೂಡು ಕಟ್ಟಿ ಮಷಿನ್ ಹಿಡಕೊಂಡು ಬಿಡ್ತೈತಿ.

ಪೋಣಿಸಿದ ಮ್ಯಾಲ ಸೂಜಿ ಹತ್ರ ದಾರ ಹಿಡದು ಎಳದು ನೋಡು. ಫೂಟ್ ಎತ್ತಿದಾಗ ಸಲೀಸಾಗಿ ಬರಬೇಕು, ಇಳಿಸಿದಾಗ ಸೂಜಿ ಬಗ್ಗೋ ಹಂಗ ಬಿಗಿ ಬರಬೇಕು. ಎರಡರಾಗೂ ಸಲೀಸಾಗಿ ಬಂದ್ರ ಬಂದು ಹೇಳು.

ರಾಯಚೂರು, ತೀನ್ ಕಂದೀಲ್ ಹತ್ರ:

ಅಕ್ಕಾರ, ಸೂಜಿ ಬದಲಿಸಿರೇನು? ಯಾರೂ ಇದನ್ನ ಕೇಳಂಗಿಲ್ಲ. ಶಟಲ್ ಅಂತಾರ, ಟೈಮಿಂಗ್ ಅಂತಾರ, ಎರಡು ರೂಪಾಯಿ ಐದು ರೂಪಾಯಿ ಸೂಜಿ ಮಾತ್ರ ಮುರಿಯೋತನಕ ಅದನ್ನ ಇಟ್ಟು ಹೊಲೀತಾರ. 8-10 ತಾಸು ಹೊಲಿದ ಮ್ಯಾಲ ಸೂಜಿ ತೆಗೀಬೇಕು ಅಂತಾರ, ಮನಿಯಾಗ ಅಷ್ಟು ಲೆಕ್ಕ ಇಡೋದು ಆಗಂಗಿಲ್ಲ ಅಂದ್ರೂ ಹಬ್ಬದ ಆರ್ಡರ್ ಹಿಡಿಯೋಕ್ಕಿಂತ ಮುಂಚೆ ಒಂದು ಹೊಸಾದು ಹಾಕ್ರಿ. ಬಟ್ಟಿಗೆ ಸೂಜಿ ಹೊಡೆಯೋವಾಗ ಟಪ್ ಟಪ್ ಅಂತ ಸಪ್ಪಳ ಬರ್ಲಿಕ್ಹತ್ತಿದ್ರ ಅದರ ತುದಿ ಹೋಗ್ಯದ ಅಂತ. ಕ್ರೇಪಿನ ಮ್ಯಾಲ ಎಳಿ ಕಿತ್ತು ಗೆರಿ ಬೀಳೋದೂ ಅದಕ್ಕೇ. ಕನ್ನಡಿ ಮ್ಯಾಲ ಸೂಜಿಯ ಚಪ್ಪಟಿ ಮಗ್ಗಲು ಇಟ್ಟು ನೋಡ್ರಿ, ಕೆಳಗಿನ ಸಂದಿ ತುದಿತನಕ ಒಂದೇ ಸಮ ಇದ್ರ ನೆಟ್ಟಗದ, ಇಲ್ಲಾಂದ್ರ ಸೊಟ್ಟಗದ, ಒಗೀರಿ.

ಹಾಕೋದರಾಗೂ ಮಾತದ. ಮನಿ ಮಷಿನ್ ಸೂಜಿಗೆ ಮ್ಯಾಲ ಒಂದು ಮಗ್ಗಲು ಚಪ್ಪಟಿ ಇರ್ತದ, ಅಂಗಡಿಯಾಗ ಎಚ್‌ಎ ಇಂಟು 1 ಅಂತ ಕೇಳಬೇಕು. ಫ್ಯಾಕ್ಟರಿ ಜೂಕಿ ಮಷಿನ್ದು ಡಿಬಿ ಇಂಟು 1, ಅದರ ತಲಿ ಪೂರಾ ಗುಂಡಗ. ಅಂಗಡಿ ಹುಡುಗ ಅವಸರದಾಗ ಅದನ್ನ ಕೊಟ್ಟಿದ್ರ ನಿಮ್ಮ ಮಷಿನ್ಯಾಗ ಹೊಲಿಗಿ ಬೀಳೋದು ಕಷ್ಟ, ಹೋಗಿ ಬದಲಿಸಿಕೊಂಡು ಬರ್ರಿ. ಚಪ್ಪಟಿ ಮಗ್ಗಲು ಯಾವ ಕಡೀಗೆ ಅನ್ನೋದು ಮಷಿನ್ ಮಷಿನ್‌ಗೆ ಬ್ಯಾರೆ, ಉಷಾ ಜನೋಮ್ ಥರ ಜಿಗ್‌ಜಾಗ್ ಮಷಿನ್ಯಾಗ ಹಿಂದಕ್ಕ ಬರ್ತದ. ಹಳೇ ಕರಿ ಮಷಿನ್ಯಾಗ ಗೊತ್ತಾಗಲಿಲ್ಲಂದ್ರ ಸೂಜಿಯ ಉದ್ದನ ಗೀರು ನೋಡ್ರಿ, ದಾರ ಆ ಗೀರಿನ ಕಡಿಂದ ಒಳಗ ಹೋಗಿ ಆಚಿ ಕಡೀಗೆ ಹೊರಗ ಬರಬೇಕು, ಶಟಲಿನ ಕೊಕ್ಕಿ ಚಪ್ಪಟಿ ಮಗ್ಗಲಿನ ಕಡಿಂದ ಹಾಯ್ಬೇಕು. ಮತ್ತ ಸೂಜಿ ಮ್ಯಾಲತನಕ ತಾಕಿಸಿ ಪೇಚು ಬಿಗೀರಿ. ಒಂದು ಕೂದಲೆಳಿ ಕೆಳಗಿದ್ರೂ ಕೊಕ್ಕಿಗೆ ದಾರ ಸಿಗಂಗಿಲ್ಲ, ಹೊಲಿಗಿ ಬಿಡ್ತದ.

ಸೂಜಿ ದಪ್ಪದ ನಂಬರು: ತೆಳ್ಳನ ರೇಷ್ಮಿ, ಕ್ರೇಪು, ಜಾರ್ಜೆಟ್‌ಗೆ 11. ಜಂಪರ್ ಕಾಟನ್, ಅಸ್ತರ್ ಹಚ್ಚಿದ್ದಕ್ಕ 14. ಪ್ಯಾಂಟಿನ ಬಟ್ಟಿಗೆ 16. ಎಳದ್ರ ಹಿಗ್ಗೋ ಬಟ್ಟಿಗೆ ನಂಬರ್ ಬದಲಿಸಿದ್ರೂ ನಡಿಯಂಗಿಲ್ಲ, ಅದಕ್ಕ ಬಾಲ್ ಪಾಯಿಂಟ್ ಸೂಜೀನೇ ಬೇಕು, ತುದಿ ಸ್ವಲ್ಪ ದುಂಡಗಿರ್ತದ, ಎಳಿ ಚುಚ್ಚಲಾರ್ದ ಸರಿಸಿಕೊಂಡು ಇಳೀತದ. ನಿಮ್ಮ ಎರಡನೇ ತಕರಾರು ಇದೇ ಅದ ಅಂತ ನನ್ನ ಲೆಕ್ಕ.

ಕೇಳಿದವರು:

ಗಂಗಾವತಿ ಅಕ್ಕಾರ, ನೀವು ಹೇಳಿದಂಗ ಫೂಟ್ ಎತ್ತಿ ಪೋಣಿಸಿ ನೋಡಿದ್ನಿ. ಎತ್ತಿದಾಗೂ ಸಲೀಸು, ಇಳಿಸಿದಾಗೂ ಸಲೀಸು ಬರ್ತೈತಿ. ಒಮ್ಮೊಮ್ಮೆ ಇದ್ದಕ್ಕಿದ್ದಂಗ ಗಕ್ಕನ ಹಿಡಿತೈತಿ, ಮತ್ತ ಬಿಡ್ತೈತಿ. ಸೂಜಿ ಅವರ ಕೊಟ್ಟಿದ್ದು, ನಂಬರ್ ನೋಡಿಲ್ಲ.

ಸಿಂಧನೂರು:

ಎಣ್ಣಿ ಹಾಕ್ರಿ ಅಕ್ಕ ಎಲ್ಲಾ ಸರಿ ಆಗ್ತದ, ನಮ್ಮ ಅವ್ವ ಕೊಬ್ರಿ ಎಣ್ಣಿ ಬಿಡ್ತಿದ್ಲು, ಮಷಿನ್ ಇನ್ನೂ ಅದ.

ಗಂಗಾವತಿ, ಹೊಲಿಗಿ ಕ್ಲಾಸ್ ನಡೆಸೋರು:

ಕೊಬ್ರಿ ಎಣ್ಣಿ ಬ್ಯಾಡ. ಕೈ ಮುಗಿದು ಹೇಳ್ತೀನಿ ಬ್ಯಾಡ.

ತಂಗಿ, ಎತ್ತಿದಾಗೂ ಇಳಿಸಿದಾಗೂ ಸಲೀಸು ಅಂದ್ರ ಬಿಲ್ಲಿ ನಡುವ ಏನೋ ಸಿಕ್ಕೊಂಡೈತಿ, ಅವು ಬಾಯಿ ಮುಚ್ಚಾಕ ಬರವಲ್ದು. ಫೂಟ್ ಎತ್ತಿಡು. ಹಳೇ ಕಾಟನ್ ಸೀರಿ ಅಂಚಿಂದು ಒಂದು ಸಣ್ಣ ಪಟ್ಟಿ ಹರಕೋ, ಬಿಲ್ಲಿ ನಡುವ ತೂರಿಸಿ ಮ್ಯಾಲ ಕೆಳಗ ಎಳದಾಡು, ಹಲ್ಲು ಉಜ್ಜೋವಾಗ ಉಜ್ಜತೀವಲ್ಲ ಹಂಗ ಅಲ್ಲ, ನಿಧಾನಕ್ಕ. ಗಂಟು ಹಾಕಿದ ದಪ್ಪನೆ ದಾರ ಎಳದ್ರೂ ಬರ್ತೈತಿ. ಸೂಜಿ, ಪಿನ್ನು, ಬ್ಲೇಡ್ ಹಾಕಿ ಕೆದರಬ್ಯಾಡ, ಬಿಲ್ಲಿಗೆ ಗೀರು ಬಿದ್ರ ಜನ್ಮಪೂರ್ತಿ ದಾರ ಕಡೀತೈತಿ. ಬಾಜೂಕ ಒಂದು ಸಣ್ಣ ಸ್ಪ್ರಿಂಗ್ ಕೊಂಡಿ ಐತಿ, ಅದಕ್ಕ ದಾರ ಸಿಕ್ಕೊಂಡೈತಿಲ್ಲೋ ನೋಡು, ಅದು ಬೆರಳಿಲೆ ಒತ್ತಿದ್ರ ಪುಟಿಯಬೇಕು.

ಬಳ್ಳಾರಿ, ಮಷಿನ್ ರಿಪೇರಿ ಮಾಡೋನು:

ನಮ್ಮ ಕಸುಬಿನವರೇ ಮಷಿನ್ ನೋಡದೆ ಶಟಲ್ ಹೋಗೈತೆ ಅಂದಿದ್ದು ಓದಿ ಬೇಜಾರಾಯ್ತು, ಅದಕ್ಕೆ ಬರಿತಾ ಇದೀನಿ. ಶಟಲ್ ಹೋದ್ರೆ ಹೊಲಿಗೆ ಬಿಡುತ್ತೆ, ದಾರ ಹರಿಯುತ್ತೆ, ಆದ್ರೆ ಕಾಟನ್ ಬಟ್ಟೆ ಮೇಲೆ ಹೊಲಿಗೆ ಒಂದೂ ಬಿಡದೆ ಬರೀ ಕೆಳಗೆ ಗುಂಜು ಬರ್ತಾ ಇದ್ರೆ ಅದು ಶಟಲ್ ಅಲ್ಲವೇ ಅಲ್ಲ. ನೀವೇ ನೋಡ್ಕೋಬಹುದು. ಮೋಟರ್ ಪ್ಲಗ್ ಮೊದಲು ತೆಗೀರಿ, ಆಮೇಲೆ ಬಾಬಿನ್ ಕೇಸ್ ತೆಗೀರಿ, ಶಟಲ್ ಹಿಡ್ಕೊಂಡಿರೋ ರಿಂಗಿಗೆ ಎರಡು ಕಡೆ ಕ್ಲಿಪ್ ಇದ್ರೆ ಸರಿಸಿ ಶಟಲ್ ಹೊರಗೆ ತೆಗೀರಿ, ಕ್ಲಿಪ್ ಇಲ್ಲ ಸ್ಕ್ರೂ ಐತೆ ಅಂದ್ರೆ ಬಿಡಿ, ಬಿಚ್ಚೋದು ಬೇಡ. ಹೊರಗೆ ಬಂದ್ರೆ ಕೊಕ್ಕೆ ತುದಿ ಮೇಲೆ ಉಗುರು ಆಡಿಸಿ. ಉಗುರಿಗೆ ತರಚಿದಂಗೆ ಆದ್ರೆ ಅಲ್ಲಿ ಪೆಟ್ಟು ಬಿದ್ದೈತೆ, ಸೂಜಿ ಮುರಿದಾಗ ಆಗಿರುತ್ತೆ. ಸಣ್ಣ ಗೀರಾದ್ರೆ ಜೀರೋ ನಂಬರ್ ಎಮರಿ ಪೇಪರ್‌ಲ್ಲಿ ನಯ ಮಾಡಬಹುದು, ತುದಿನೇ ಮುರಿದಿದ್ರೆ ಬದಲಿಸಲೇಬೇಕು. ಹಂಗೇ ಸೂಜಿ ಇಳಿಯೋ ಪ್ಲೇಟಿನ ತೂತಿನ ಅಂಚೂ ಉಗುರಲ್ಲಿ ನೋಡಿ, ಒಮ್ಮೊಮ್ಮೆ ದಾರ ಹರಿಯೋ ಕಳ್ಳ ಅಲ್ಲೇ ಇರ್ತಾನೆ.

ತೆಗೆದ ಮೇಲೆ ಒಳಗಡೆ ನೋಡ್ರಿ, ಬೂದು ಬಣ್ಣದ್ದು ಹತ್ತಿ ಜೂಲು ಒತ್ತಿ ಒತ್ತಿ ಕೂತಿರುತ್ತೆ. ಹಳೇ ಟೂತ್‌ಬ್ರಷ್ ತಗೊಂಡು ತೆಗೀರಿ. ಬಾಯಲ್ಲಿ ಊದಬೇಡಿ, ಉಗುಳಿನ ಹಸಿ ತಾಗಿ ತುಕ್ಕು ಹಿಡಿಯುತ್ತೆ, ಕಸ ಇನ್ನೂ ಒಳಗೆ ಹೋಗುತ್ತೆ. ನಮ್ಮ ಕಡೆ ಧೂಳು ಕೇಳಬೇಡಿ, ಗಿಣಿಗೇರಿ ಕಡೆಯಿಂದ ಬರೋ ಮಷಿನ್‌ಗಳಲ್ಲಿ ಕರೀ ಧೂಳು, ಸಂಡೂರು ಕಡೆಯಿಂದ ಬಂದ್ರೆ ಕೆಂಪು ಧೂಳು, ಬಿಚ್ಚಿದ ತಕ್ಷಣ ಯಾವೂರು ಅಂತ ಹೇಳಬಹುದು. ಹೊಲಿದಾದ ಮೇಲೆ ಒಂದು ಹಳೇ ಲುಂಗಿ ಮುಚ್ಚಿ ಇಡಿ ಸಾಕು.

ಎಣ್ಣೆ ವಿಷಯ. ಕೊಬ್ಬರಿ ಎಣ್ಣೆ, ಅಡುಗೆ ಎಣ್ಣೆ ಯಾವುದೂ ಬೇಡ, ಮೊದಲು ಸಲೀಸಾಗಿ ಓಡ್ತೈತೆ, ಆಮೇಲೆ ಗಾಳಿಗೆ ಅಂಟಾಗಿ ಧೂಳು ಹಿಡಿದು ಗಟ್ಟಿ ಆಗುತ್ತೆ, ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟೋದು ಬಾಟ್ಲಿಯಲ್ಲೇ ನೋಡಿರ್ತೀರಲ್ಲ. ಮಷಿನ್ ಎಣ್ಣೆ ಅಂತ ಬಿಳಿ ಎಣ್ಣೆ ಸಣ್ಣ ಡಬ್ಬಿ ಸಿಗುತ್ತೆ. ಈಗಾಗಲೇ ಅಂಟು ಕಟ್ಟಿದ್ರೆ ಎಣ್ಣೆ ತೂತುಗಳಿಗೆ ಸ್ವಲ್ಪ ಸೀಮೆಎಣ್ಣೆ ಬಿಟ್ಟು ವೀಲ್ ಕೈಯಲ್ಲಿ ತಿರುಗಿಸ್ತಾ ಇರಿ, ಕರೀ ನೀರು ಇಳಿಯುತ್ತೆ, ಬಟ್ಟೆಯಲ್ಲಿ ಒರಸಿ, ಪೂರ್ತಿ ಒಣಗಿದ ಮೇಲೆ ಮಷಿನ್ ಎಣ್ಣೆ ಬಿಡಿ. ಒಲೆ, ದೀಪ ಹತ್ತಿರ ಇಟ್ಕೊಂಡು ಈ ಕೆಲಸ ಬೇಡ, ಪೆಟ್ರೋಲ್ ಅಂತೂ ಮುಟ್ಟಲೇಬೇಡಿ, ಮೋಟರ್ ಕಿಡಿಗೆ ಹತ್ಕೊಳ್ಳುತ್ತೆ. ಶಟಲ್ ಓಡೋ ದಾರಿಗೆ ಒಂದೇ ಹನಿ. ಮೋಟರಿಗೂ ಬೆಲ್ಟಿಗೂ ಎಣ್ಣೆ ತಾಗಬಾರದು. ಎಣ್ಣೆ ಬಿಟ್ಟ ಮೇಲೆ ಚಿಂದಿ ಬಟ್ಟೆ ಮೇಲೆ ಸ್ವಲ್ಪ ಹೊತ್ತು ಓಡಿಸಿ, ಇಲ್ಲಾಂದ್ರೆ ಪಂಚಮಿ ಜಂಪರ್ ಮೇಲೆ ಕಲೆ ಬೀಳುತ್ತೆ, ಅದಕ್ಕೆ ನನ್ನ ಬೈಬೇಡಿ.

ಸಿಂಧನೂರು:

ಆಯ್ತು ಬಿಡ್ರಿ ಅಣ್ಣಾರ, ಅವ್ವಗ ಹೇಳ್ತೀನಿ. ಕೇಳೋದು ಡೌಟು.

ಬಳ್ಳಾರಿ, ಕೌಲ್ ಬಜಾರ್, ಜೀನ್ಸ್ ಹೊಲಿಯೋನು:

ನಾವು ಹೊಲಿಯೋದು ಜೀನ್ಸ್, ಮಷಿನ್ನೂ ಬೇರೆ, ಆದ್ರೆ ಮನೇಲಿ ಹೆಂಡ್ತಿ ಹತ್ರ ಕರಿ ಮಷಿನ್ ಐತೆ, ಓಣಿಯವರು ಜೀನ್ಸ್ ಕೆಳಗೆ ಮಡಚಿ ಕೊಡು ಅಂತ ತಂದು ಹಾಕ್ತಾರೆ, ಬಳ್ಳಾರಿಲಿ ಇದ್ದು ಜೀನ್ಸ್ ಹೊಲಿಯಕ್ಕೆ ಬರಲ್ಲ ಅಂದ್ರೆ ನಗ್ತಾರಲ್ಲ. ಅಕ್ಕನ ತೊಂದರೆ ಇದಲ್ಲ ಗೊತ್ತು, ಆದ್ರೂ ಇಲ್ಲಿ ಹೊಲಿಗೆ ಬಿಡೋದರ ಮಾತು ಬಂದಿರೋದಕ್ಕೆ ಹೇಳ್ತೀನಿ, ಮುಂದೆ ಯಾರಿಗಾದ್ರೂ ಆಗಬಹುದು.

ಜೀನ್ಸ್ ಪ್ಯಾಂಟ್ ಕೆಳಗೆ ಮಡಚಿದಾಗ ಪಕ್ಕದ ಹೊಲಿಗೆ ಬರೋ ಜಾಗದಲ್ಲಿ ಬಟ್ಟೆ ಗುಡ್ಡೆ ಆಗುತ್ತಲ್ಲ, ಅಲ್ಲೇ ಎಲ್ಲರ ಸೂಜಿನೂ ಮುರಿಯೋದು, ಹೊಲಿಗೆ ಬಿಡೋದು. ಯಾಕಂದ್ರೆ ಫೂಟ್ ಆ ಗುಡ್ಡೆ ಹತ್ತಬೇಕಾದ್ರೆ ಮುಂದೆ ಎತ್ತಿಕೊಂಡು ಹಿಂದೆ ಬಗ್ಗುತ್ತೆ, ಬಟ್ಟೆ ಮೇಲೆ ಸಮ ಒತ್ತಡ ಇರಲ್ಲ, ಸೂಜಿ ಮೇಲೆ ಬರುವಾಗ ಬಟ್ಟೆನೂ ಜೊತೆಗೆ ಎದ್ದು ಬರುತ್ತೆ, ದಾರದ ಕುಣಿಕೆ ಆಗೋದೇ ಇಲ್ಲ, ಕೊಕ್ಕೆಗೆ ಏನು ಸಿಗಬೇಕು. ಅದಕ್ಕೆ ಮೊದಲು ಆ ಗುಡ್ಡೆ ಮೇಲೆ ಒಂದು ಬಟ್ಟೆ ಇಟ್ಟು ಸುತ್ತಿಗೆಯಲ್ಲಿ ನಾಲ್ಕೇಟು ಹಾಕಿ, ಅಪ್ಪಚ್ಚಿ ಆಗುತ್ತೆ. ಆಮೇಲೆ ಅದೇ ಜೀನ್ಸಿನ ಕತ್ತರಿಸಿದ ತುಂಡು ಮಡಚಿ, ಅಷ್ಟೇ ದಪ್ಪ ಮಾಡಿ ಫೂಟಿನ ಹಿಂದೆ ಕೆಳಗೆ ಇಡಿ, ಫೂಟ್ ಸಮ ಆಗುತ್ತೆ. ಗುಡ್ಡೆ ದಾಟುವಾಗ ಮೋಟರ್ ಬಿಡಿ, ಕೈಯಲ್ಲಿ ವೀಲ್ ತಿರುಗಿಸಿ ಒಂದೊಂದೇ ಹೊಲಿಗೆ ಹಾಕಿ. ಸೂಜಿ 16 ಸಾಲಲ್ಲ, 18 ಹಾಕಿ. ಆ ಹಳದಿ ದಪ್ಪ ದಾರ ಬೇಕೇ ಬೇಕು ಅಂದ್ರೆ ಮೇಲೆ ಮಾತ್ರ ಹಾಕಿ, ಬಾಬಿನ್‌ಗೆ ಮಾಮೂಲಿ ದಾರ, ಹೊಲಿಗೆ ಉದ್ದ ಸ್ವಲ್ಪ ಜಾಸ್ತಿ ಮಾಡಿ. ಬಟ್ಟೆನ ಹಿಂದಿಂದ ಎಳೀಬೇಡಿ, ಎಳೆದ್ರೆ ಸೂಜಿ ಬಗ್ಗಿ ಪ್ಲೇಟಿಗೆ ಬಡಿದು ಟಕ್ ಅಂತ ಮುರಿಯುತ್ತೆ, ಒಮ್ಮೊಮ್ಮೆ ಚೂರು ಕಣ್ಣಿಗೇ ಹಾರುತ್ತೆ.

ಕೇಳಿದವರು:

ಸಿಕ್ತ್ರೀ!! ಗಂಗಾವತಿ ಅಕ್ಕಾರ ಹೇಳಿದಂಗ ಸೀರಿ ಅಂಚು ಹಾಕಿ ಎಳದ್ನಿ, ಮೊದಲು ಬರೇ ಕರಿ ಹೊಲಸು ಬಂತು, ಆಮ್ಯಾಲ ಹಸಿರು ದಾರದ್ದು ಒಂದು ತುಂಡು, ಬೆರಳಷ್ಟು ಉದ್ದ, ಗಂಟಿತ್ತು ಅದಕ್ಕ. ನಾ ಹಸಿರು ದಾರ ತಗೊಂಡ ಇಲ್ಲ, ಮೊದಲಿನೋರ್ದೇ ಇರಬೇಕು, ಒಳಗ ಎಲ್ಲೋ ಇದ್ದದ್ದು ಸರಿದು ಬಂದು ಕೂತೈತೋ ಏನೋ. ಈಗ ಫೂಟ್ ಇಳಿಸಿದ್ರ ದಾರ ಬಿಗಿ ಬರ್ತೈತಿ. ಕೆಂಪು ಬಿಳಿ ದಾರ ಹಾಕಿ ನೋಡಿದ್ನಿ, ಕೆಳಗ ಗುಂಜು ಪೂರ್ತಿ ಹೋಗೇತಿ, ಆದ್ರ ಕೆಂಪು ದಾರ ಕೆಳಗ ಚೂರು ಚೂರು ಇನ್ನೂ ಕಾಣ್ತೈತಿ. ಇನ್ನ ಬಿಗಿ ಮಾಡ್ಲಾ ಬಾಬಿನ್ ಸಡಿಲ ಮಾಡ್ಲಾ?

ಬಳ್ಳಾರಿ, ಮಷಿನ್ ರಿಪೇರಿ ಮಾಡೋನು:

ಮೇಲಿಂದೇ ಬಿಗಿ ಮಾಡಿ, ಕಾಲು ಸುತ್ತು ತಿರುಗಿಸಿ, ಹೊಲಿದು ನೋಡಿ, ಮತ್ತೆ ಕಾಲು ಸುತ್ತು. ಒಂದೇ ಸಲ ಎರಡೂ ಕಡೆ ಕೈ ಹಾಕಿದ್ರೆ ಯಾವುದರಿಂದ ಏನಾಯ್ತು ಅಂತ ಗೊತ್ತಾಗಲ್ಲ. ಬಾಬಿನ್ ಕೇಸ್ ನೋಡಬೇಕಂದ್ರೆ ಬಾಬಿನ್ ಹಾಕಿ ದಾರ ಹಿಡಿದು ಕೇಸ್ ನೇತಾಡಿಸಿ. ತಾನೇ ಜಾರಿ ಕೆಳಗಿಳಿದ್ರೆ ಸಡಿಲ. ಕೈ ಸ್ವಲ್ಪ ಜಗ್ಗಿದಾಗ ನಾಲ್ಕು ಬೆರಳು ಇಳಿದು ನಿಂತ್ರೆ ಸರಿ ಐತೆ, ಮುಟ್ಟಬೇಡಿ. ಜಗ್ಗಿದ್ರೂ ಇಳಿಯಲ್ಲ ಅಂದ್ರೆ ಮಾತ್ರ ಕೇಸಿನ ಹೊರಗಿರೋ ಪಟ್ಟಿ ಮೇಲಿನ ಸಣ್ಣ ಸ್ಕ್ರೂ ಒಂಚೂರು ಸಡಿಲ ಮಾಡಿ. ಅದಕ್ಕೂ ಮುಂಚೆ ಆ ಪಟ್ಟಿ ಕೆಳಗೆ ಒಂದು ತೆಳ್ಳನೆ ಕಾಗದದ ಮೂಲೆ ತೂರಿಸಿ ಎಳೀರಿ, ಒಂದು ಎಳೆ ಜೂಲು ಕೂತಿದ್ರೂ ಲೆಕ್ಕ ತಪ್ಪುತ್ತೆ. ಸ್ಕ್ರೂ ಬಿಚ್ಚೋದಾದ್ರೆ ಬಿಳಿ ಬಟ್ಟೆ ಹಾಸಿಕೊಂಡು ಬಿಚ್ಚಿ, ಅದು ನೆಲಕ್ಕೆ ಬಿದ್ರೆ ಸಿಗಲ್ಲ.

ಇನ್ನೊಂದು, ಬಾಬಿನ್ ಎಲ್ಲಾ ಒಂದೇ ಅಳತೆ ಅನ್ಕೋಬೇಡಿ. ಹಳೇ ಬಾಬಿನ್ ಪಕ್ಕ ಹೊಸದನ್ನ ಇಟ್ಟು ಎತ್ತರ ನೋಡಿ. ಅಂಚು ಸೊಟ್ಟ ಆಗಿರೋ ಕಬ್ಬಿಣದ ಬಾಬಿನ್ ಒಂದೊಂದು ಸುತ್ತಿಗೂ ಒಂದು ಸಲ ಹಿಡಿದು ಬಿಡುತ್ತೆ, ಆಗ ಹೊಲಿಗೆ ಒಂದು ಕಡೆ ಬಿಗಿ ಒಂದು ಕಡೆ ಸಡಿಲ. ದಾರ ಸುತ್ತೋವಾಗಲೂ ಮೆತ್ತಗೆ, ಏರುಪೇರು ಸುತ್ತಿದ್ರೆ ಇದೇ ಗತಿ.

ಕೊಪ್ಪಳ, ಭಾಗ್ಯನಗರ:

ನಾನೂ ಇದರಾಗ ಒಂದು ಕೇಳ್ತೀನ್ರಿ ತಪ್ಪು ತಿಳಕೋಬ್ಯಾಡ್ರಿ. ಸೀರಿಗೆ ಫಾಲ್ಸ್ ಹಚ್ಚಿದ್ರ ಹೊಲಿಗಿ ಚೊಲೋ ಬಿದ್ದಿರ್ತೈತಿ, ಒಂದು ಒಗೆತಕ್ಕ ಸೀರಿ ಅಂಚು ಮುದುಡಿ ಮುದುಡಿ ಆಗ್ತೈತಿ. ಗಿರಾಕಿ ಬಂದು ಹೊಲಿಗಿ ಜಗ್ಗೇತಿ ಅಂತ ಜಗಳಾ. ಟೆನ್ಷನ್ ಸಡಿಲ ಮಾಡೀನಿ, ಆದ್ರೂ ಹಂಗ.

ಗಂಗಾವತಿ, ಹೊಲಿಗಿ ಕ್ಲಾಸ್ ನಡೆಸೋರು:

ಅದರಾಗ ಮಷಿನ್ ತಪ್ಪಿಲ್ಲವ್ವ, ನಿನ್ನದೂ ಇಲ್ಲ, ಫಾಲ್ಸ್‌ದು. ಕಾಟನ್ ಫಾಲ್ಸ್ ನೀರಿಗೆ ಬಿದ್ರ ಕುಗ್ತೈತಿ, ಸೀರಿ ಪಾಲಿಯೆಸ್ಟರ್ ಇದ್ರ ಕುಗ್ಗಂಗಿಲ್ಲ, ಅದಕ್ಕ ಮುದುಡಿ ಕೂಡ್ತೈತಿ. ರಾತ್ರಿ ಬಕೆಟ್‌ನ್ಯಾಗ ನೆನಿಸಿಟ್ಟು, ಒಣಗಿಸಿ, ಇಸ್ತ್ರಿ ಮಾಡಿ ಆಮ್ಯಾಲ ಹಚ್ಚು. ಜಂಪರ್ ಒಳಗಿನ ಅಸ್ತರ್‌ಗೂ ಇದ ಮಾತು, ನೆನಸದ ಅಸ್ತರ್ ಹಾಕಿ ಕೊಟ್ರ ಮೊದಲ ಒಗೆತಕ್ಕ ಜಂಪರ್ ಕಂಕುಳದಾಗ ಎಳೀತೈತಿ. ಹೊಲಿವಾಗಲೇ ಮುದುಡಿದ್ರ ಮಾತ್ರ ಮಷಿನ್ ಕಡೆ ನೋಡು: ಸೂಜಿ ದಪ್ಪ ಐತಿ, ಇಲ್ಲಾ ಮ್ಯಾಲಿನ ಬಿಗಿ ಜಾಸ್ತಿ ಐತಿ, ಇಲ್ಲಾ ಹೊಲಿಗಿ ಭಾಳ ಸಣ್ಣದು ಇಟ್ಟಿ. ಜಾರ್ಜೆಟ್ ಥರದ್ದು ಹೊಲಿವಾಗ ಕೆಳಗ ಬಟರ್ ಪೇಪರ್ ಇಟ್ಟು ಹೊಲಿದು ಆಮ್ಯಾಲ ಹರದು ತಗಿ. ಪೇಪರ್ ಅಂದ್ರ ನ್ಯೂಸ್ ಪೇಪರ್ ಇಡಬ್ಯಾಡ, ಮಸಿ ಹತ್ತತೈತಿ.

ರಾಯಚೂರು, ತೀನ್ ಕಂದೀಲ್ ಹತ್ರ:

ದಾರದ್ದು ಯಾರೂ ಹೇಳಲೇ ಇಲ್ಲಲ್ಲ. ನಮ್ಮ ರಾಯಚೂರು ಬಿಸಿಲಿನ್ಯಾಗ ಪತ್ರಾಸ್ ಕೆಳಗ ವರ್ಷಗಟ್ಟಲೆ ಇಟ್ಟ ಹತ್ತಿ ದಾರ ಕೈಯಾಗ ಜಗ್ಗಿದ್ರ ಪಟ್ ಅಂತದ, ಅದನ್ನ ಹಾಕಿ ಮಷಿನ್‌ಗೆ ಬೈತಾರ. ಒಂದು ಮೊಳ ಎರಡೂ ಕೈಯಾಗ ಹಿಡದು ಜಗ್ಗಿ ನೋಡ್ರಿ, ಬೆರಳಿಗೆ ಕೊಯ್ಯೋ ಹಂಗ ನಿಲ್ಲಬೇಕು. ಬೆಳಕಿಗೆ ಹಿಡದ್ರ ಜೂಲು ಜೂಲು, ನಡುನಡುವ ದಪ್ಪ ಕಾಣೋ ದಾರ ಸೋವಿ ಇರಬಹುದು ಆದ್ರ ಬಿಲ್ಲಿ ಒಳಗ ಕಸ ತುಂಬೋದು ಅದೇ. ಸೂಜಿ ಕಣ್ಣಿಗೆ ದಾರ ಸರಿಯದೋ ಇಲ್ಲೋ ನೋಡ್ಲಿಕ್ಕೆ ಒಂದು ಮೊಳ ದಾರಕ್ಕ ಬರೇ ಸೂಜಿ ಪೋಣಿಸಿ ದಾರ ಓರೆ ಹಿಡೀರಿ, ಸೂಜಿ ತಾನೇ ಜಾರಿ ಇಳೀಬೇಕು. ಅರ್ಧಕ್ಕ ನಿಂತ್ರ ದಾರ ದಪ್ಪ ಆತು ಇಲ್ಲಾ ಸೂಜಿ ಸಣ್ಣದಾತು.

ಅಕ್ಕಾರ, ಸೂಜಿ ನಂಬರ್ ನೋಡಿದ್ರೇನು?

ಕೇಳಿದವರು:

ನೋಡಿದ್ನಿ ಅಣ್ಣಾರ, ಕಣ್ಣಿಗೆ ಕಾಣಲಿಲ್ಲ, ಮಗನ ಫೋನಿನ್ಯಾಗ ಫೋಟೋ ಹೊಡದು ದೊಡ್ಡದು ಮಾಡಿ ನೋಡಿದ್ರ 18 ಇತ್ತು. ನಿನ್ನೆ ಕೊಪ್ಪಳಕ್ಕ ಹೋದಾಗ 11, 14 ಎರಡೂ ತಂದೀನಿ, ಬಾಲ್ ಪಾಯಿಂಟ್ ಅಂದ್ರ ಅಂಗಡಿಯವರಿಗೆ ಗೊತ್ತಾಗಲಿಲ್ಲ, ಹೊಸೈರಿ ಸೂಜಿ ಕೊಡ್ರಿ ಅಂದ್ಮ್ಯಾಲ ತಗದು ಕೊಟ್ರು. ಹಿಗ್ಗೋ ಬಟ್ಟಿ ಮ್ಯಾಲ ಈಗ ಹೊಲಿಗಿ ಬಿಡವಲ್ದು. ಕ್ರೇಪಿಗೆ 11 ಹಾಕೀನಿ, ಒಂದೆರಡು ಕಡೆ ಬಿಟ್ಟಂಗ ಕಾಣ್ತೈತಿ ಖರೆ ಮೊದಲಿನಂಗ ಇಲ್ಲ. ಶಟಲ್ ಬಿಚ್ಚಾಕ ಹೋಗಿಲ್ಲ, ನಮ್ಮದರಾಗ ಸ್ಕ್ರೂ ಐತಿ. ರಿಪೇರಿಯವರಿಗೆ ಸದ್ಯಕ್ಕ ಬ್ಯಾಡ ಅಂದೀನಿ.

ಈಗ ಇನ್ನೊಂದು ಹೊಸಾದು ಸುರು ಆಗೇತಿ. ಎರಡು ಜಂಪರ್ ಹೊಲಿಯೋದರಾಗ ಮೋಟ್ರು ಮುಟ್ಟಾಕ ಆಗದಷ್ಟು ಬಿಸಿ ಆಗ್ತೈತಿ, ವಾಸನಿನೂ ಬರ್ತೈತಿ. ಸಂಜಿಮುಂದ ಕರೆಂಟ್ ಡಿಮ್ ಇದ್ದಾಗಂತೂ ಗುಂಯ್ ಅಂತೈತಿ, ತಿರುಗಂಗಿಲ್ಲ.

ಬಳ್ಳಾರಿ, ಮಷಿನ್ ರಿಪೇರಿ ಮಾಡೋನು:

ಗುಂಯ್ ಅಂದು ತಿರುಗದೇ ಇದ್ರೆ ತಕ್ಷಣ ಕಾಲು ತೆಗೀರಿ, ಒತ್ತಿ ಹಿಡಿದ್ರೆ ಒಳಗಿನ ಸುತ್ತು ಸುಟ್ಟುಹೋಗುತ್ತೆ. ವೋಲ್ಟೇಜ್ ಕಮ್ಮಿ ಇದ್ದಾಗ ಕೈಯಲ್ಲಿ ವೀಲ್ ಸ್ವಲ್ಪ ನಿಮ್ಮ ಕಡೆ ತಿರುಗಿಸಿ ಕೊಟ್ರೆ ಎದ್ದೇಳುತ್ತೆ, ಆದ್ರೂ ಡಿಮ್ ಇದ್ದಾಗ ಮೋಟರ್ ಬಿಟ್ಟು ಕಾಲಲ್ಲಿ ತುಳಿಯೋದೇ ಒಳ್ಳೇದು, ನಿಮ್ಮದು ತುಳಿಯೋ ಸ್ಟ್ಯಾಂಡ್ ಐತಲ್ಲ. ತುಳಿಯುವಾಗ ವೀಲ್ ನಿಮ್ಮ ಕಡೆಗೇ ತಿರುಗಬೇಕು, ಉಲ್ಟಾ ಹೋದ್ರೆ ಮತ್ತೆ ದಾರ ಸಿಕ್ಕಾಗುತ್ತೆ, ಅದಕ್ಕೆ ಶುರು ಮಾಡುವಾಗ ವೀಲ್‌ಗೆ ಕೈ ಕೊಟ್ಟು ಆಮೇಲೆ ಕಾಲು ಕೊಡಿ.

ಬಿಸಿಗೆ ಮೊದಲು ಪ್ಲಗ್ ತೆಗೆದು ಮೋಟರ್ ಬೆಲ್ಟ್ ಬಿಚ್ಚಿ. ಬರೀ ಕೈಯಲ್ಲಿ ಮಷಿನ್ ವೀಲ್ ತಿರುಗಿಸಿ ನೋಡಿ. ಭಾರ ಬಂದ್ರೆ ಮಷಿನ್ ಒಳಗೇ ಅಂಟು ಕಟ್ಟೈತೆ, ಮೋಟರ್ ಪಾಪ ಅದನ್ನ ಎಳೆದು ಬಿಸಿ ಆಗ್ತಾ ಐತೆ, ಮೇಲೆ ಹೇಳಿದಂಗೆ ಸೀಮೆಎಣ್ಣೆ ಹಾಕಿ ತೊಳೀರಿ. ಹಗುರ ತಿರುಗಿದ್ರೆ ಬೆಲ್ಟ್ ಬಿಗಿ ನೋಡಿ, ನಡುವೆ ಬೆರಳಲ್ಲಿ ಒತ್ತಿದ್ರೆ ಸ್ವಲ್ಪ ಬಗ್ಗಬೇಕು, ತಂತಿ ಥರ ಬಿಗಿದಿದ್ರೆ ಮೋಟರ್ ಹಿಡಿದಿರೋ ಬೋಲ್ಟ್ ಸಡಿಲ ಮಾಡಿ ಚೂರು ಮೇಲಕ್ಕೆ ಸರಿಸಿ ಮತ್ತೆ ಬಿಗೀರಿ. ಎರಡೂ ಸರಿ ಇದ್ದು ವಾಸನೆ ಬರ್ತಾ ಐತೆ, ಒಳಗೆ ಕಿಡಿ ಜಾಸ್ತಿ ಕಾಣ್ತೈತೆ ಅಂದ್ರೆ ಮೋಟರ್ ಒಳಗಿನ ಕಾರ್ಬನ್ ಬ್ರಷ್ ಸವೆದಿರುತ್ತೆ. ಅದನ್ನ ಮಾತ್ರ ನೀವು ಬಿಚ್ಚಬೇಡಿ, ಮೋಟರ್ ಅಷ್ಟೇ ಬಿಚ್ಚಿಕೊಂಡು ಅಂಗಡಿಗೆ ಒಯ್ಯಿರಿ, ಮಷಿನ್ ಹೊತ್ಕೊಂಡು ಹೋಗೋದು ಬೇಡ. ಹಳೇ ಕಾರ್ಬನ್ ವಾಪಸ್ ಕೇಳಿ ತಗೊಳ್ಳಿ, ಬದಲಿಸಿದ್ರೋ ಇಲ್ವೋ ಕಣ್ಣಿಗೆ ಕಾಣುತ್ತೆ.

ಕೇಳಿದವರು:

ಬೆಲ್ಟ್ ಬಿಚ್ಚಿ ನೋಡಿದ್ನಿ, ವೀಲ್ ಭಾರ ಐತಿ. ಸೀಮಿಎಣ್ಣಿ ನಮ್ಮಲ್ಲಿ ಈಗ ರೇಷನ್ನಿನ್ಯಾಗ ಸಿಗವಲ್ದು, ಯಾರ ಮನ್ಯಾಗಾದ್ರೂ ಒಂದು ಕ್ವಾರ್ಟರ್ ಬಾಟ್ಲಿ ಸಿಕ್ರ ಕೇಳ್ತೀನಿ. ಅಲ್ಲಿತನಕ ತುಳಿದ ಹೊಲೀತೀನ್ರಿ.

ಸಿಂಧನೂರು:

ನಮ್ಮ ಮನ್ಯಾಗ ಅದ ಅಕ್ಕ. ಮುಂದಿನ ವಾರ ಕೊಪ್ಪಳಕ್ಕ ಬರೋದದ, ತರ್ತೀನಿ. ಅವ್ವಂದು ಮಷಿನ್ನೂ ಅದರಾಗೇ ತೊಳೀಬೇಕೀಗ.